ಬೌಲ್ಡರ್ ಕ್ರೀಕ್ ಕಡೆ ರೆಡ್‌ವುಡ್ ಕಾಡಿನಲ್ಲಿ ಮನೆ ತಗೊಂಡು ಇರಬಹುದಾ? ಇದ್ದು ನೋಡಿದವರು ದಯವಿಟ್ಟು ಹೇಳಿ

ಕೊಪ್ಪದ_ಕಾಫಿ

ಎಲ್ಲರಿಗೂ ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೂ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸ ಮಾಡುತ್ತೇವೆ. ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು. ಮಗಳಿಗೆ ಆರು ವರ್ಷ. ಒಂಬತ್ತು ವರ್ಷದಿಂದ ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ಇದ್ದೇವೆ. ಇಲ್ಲಿ ಸ್ವಂತ ಮನೆ ನಮ್ಮ ಸಂಬಳಕ್ಕೆ ಎಟುಕುತ್ತಿಲ್ಲ.

ಏಪ್ರಿಲ್‌ನಲ್ಲಿ ಮಗಳಿಗೆ ಉಗಿಬಂಡಿ ತೋರಿಸೋಣ ಅಂತ ಸಾಂಟಾ ಕ್ರೂಝ್ ಬೆಟ್ಟಗಳಲ್ಲಿರುವ ಫೆಲ್ಟನ್‌ನ ರೋರಿಂಗ್ ಕ್ಯಾಂಪಿಗೆ ಹೋಗಿದ್ದೆವು. ವಾಪಸ್ ಬರುವಾಗ ಹೈವೇ 17ರಲ್ಲಿ ಟ್ರಾಫಿಕ್ ನಿಂತುಹೋಗಿತ್ತು. ಹಾಗಾಗಿ ಹೈವೇ 9 ಹಿಡಿದು ಬೆನ್ ಲೋಮಂಡ್, ಬೌಲ್ಡರ್ ಕ್ರೀಕ್ ದಾಟಿ ಸಾರಟೋಗ ಕಡೆಯಿಂದ ಬಂದೆವು. ಕಾರಿನ ಗಾಜು ಇಳಿಸಿದ್ದೆ. ಒದ್ದೆ ಮಣ್ಣು, ಕೊಳೆತ ಎಲೆ, ಯಾರದೋ ಮನೆಯ ಸೌದೆ ಹೊಗೆ. ಕೊಪ್ಪದ ಅಜ್ಜಿ ಮನೆ ಹಿತ್ತಲಿನ ವಾಸನೆಯೇ ಅದು! ನನಗೆ ಗಂಟಲು ಕಟ್ಟಿಬಂತು.

ಅವತ್ತಿನಿಂದ ಮನೆ ಹುಡುಕುತ್ತಿದ್ದೇನೆ. ಬೌಲ್ಡರ್ ಕ್ರೀಕ್ ಪೇಟೆಯಿಂದ ಎರಡು ಮೈಲಿ ಮೇಲೆ ಒಂದು ಮನೆ ಇಷ್ಟ ಆಗಿದೆ. ಹಳೇ ಮರದ ಮನೆ, ಸುತ್ತ ರೆಡ್‌ವುಡ್ ಮರಗಳು, ಕೆಳಗೆ ತೊರೆ. ಬೆಲೆ ಸನ್ನಿವೇಲ್‌ನ ಅರ್ಧಕ್ಕಿಂತ ಕಡಿಮೆ. ನಮ್ಮ ಯಜಮಾನರು ಹಿರಿಯೂರಿನವರು. "ಅಷ್ಟು ಎತ್ತರದ ಮರದ ಕೆಳಗೆ ನನಗೆ ನಿದ್ದೆ ಬರಲ್ಲ" ಅನ್ನುತ್ತಾರೆ.

ಓಡಾಟ, ಕರೆಂಟು, ಮಳೆ, ಬೆಂಕಿ ಎಲ್ಲದರ ಬಗ್ಗೆ ಹೇಳಿ. ಊರಿಂದ ಅಪ್ಪ ಅಮ್ಮ ಬಂದರೆ ಅವರಿಗೆ ಹೊಂದುತ್ತದಾ ಅನ್ನುವುದೂ ಬೇಕು. ಸುಮ್ನೆ ಒಂದು ದಿನ ಪಿಕ್‌ನಿಕ್‌ಗೆ ಹೋಗಿ ಬಂದವರ ಮಾತಿಗಿಂತ ಇದ್ದವರ ಮಾತು ಬೇಕಾಗಿದೆ.

ಬಯಲುಸೀಮೆ_ಬಿಸಿಲು

ನಿಮ್ಮ ಯಜಮಾನರು ಹೇಳಿದ್ದೇ ಸರಿ. ತಗೋಬೇಡಿ.

ದೋಸೆ_ಕಲ್ಲು

ಯಾಕೆ ಬೇಡ ಅಂತಲೂ ಹೇಳಿ ಸ್ವಾಮಿ. ಒಂದೇ ಸಾಲು ಬರೆದರೆ ಅವರಿಗೇನು ಉಪಯೋಗ?

ಬಯಲುಸೀಮೆ_ಬಿಸಿಲು

2020ರ ಬೆಂಕಿ ನೆನಪಿಲ್ವಾ? ಬಿಗ್ ಬೇಸಿನ್ ರೆಡ್‌ವುಡ್ ಪಾರ್ಕ್ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಬೌಲ್ಡರ್ ಕ್ರೀಕ್ ಅದರ ಪಕ್ಕದಲ್ಲೇ ಇದೆ. ಇನ್ನೇನು ಕಾರಣ ಬೇಕು?

ಒಂಬತ್ತನೇ_ಹೆದ್ದಾರಿ

ನಾನು ಬೆನ್ ಲೋಮಂಡ್‌ನಲ್ಲಿ 11 ವರ್ಷದಿಂದ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕೊಪ್ಪದ ಅಕ್ಕ, ಸಮಾಧಾನವಾಗಿ ಓದಿ.

ಮೊದಲನೇ ಮಾತು. ಮಲೆನಾಡಿನವರು ಇಲ್ಲಿಗೆ ಬಂದು ಮೋಸ ಹೋಗುವುದು ವಾಸನೆಯಿಂದಲೇ. ನಾನು ಶೃಂಗೇರಿ ಕಡೆಯವನು, ನನಗೂ ಹಾಗೇ ಆಗಿತ್ತು. ನೋಡಲು ಮಲೆನಾಡಿನ ಹಾಗೇ ಇದೆ, ಆದರೆ ಕಾಲ ಉಲ್ಟಾ. ನಮ್ಮಲ್ಲಿ ಜೂನ್‌ಗೆ ಮಳೆ ಹಿಡಿಯುತ್ತದೆ. ಇಲ್ಲಿ ನವೆಂಬರ್‌ಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಆಮೇಲೆ ಆರು ತಿಂಗಳು ಹನಿ ಮಳೆ ಇರಲ್ಲ ಅಂತಲೇ ಲೆಕ್ಕ. ನಮ್ಮ ಊರಿನಲ್ಲಿ ಕಾಡು ಒಣಗುವುದು ಮೂರು ತಿಂಗಳು, ಅಷ್ಟರಲ್ಲಿ ಮಳೆ ಬರುತ್ತದೆ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನೆಲದ ಮೇಲಿನ ಕಸ ಕಡ್ಡಿ ಎಲ್ಲ ಬೆಂಕಿಕಡ್ಡಿ ಆಗಿರುತ್ತದೆ. ಆಗಲೇ ಒಣ ಗಾಳಿ ಬೀಸುವುದು. ನೀವು ನೋಡಿದ್ದು ಏಪ್ರಿಲ್. ಅದು ಇಲ್ಲಿನ ಅತ್ಯಂತ ಚೆಂದದ ತಿಂಗಳು.

ಓಡಾಟ. ನಿಮ್ಮ ಮನೆಯಿಂದ ಸಿಲಿಕಾನ್ ವ್ಯಾಲಿಗೆ ಹೋಗಲು ಮೂರು ದಾರಿ. ಹೈವೇ 9ರಲ್ಲಿ ಮೇಲೆ ಹತ್ತಿ ಸಾರಟೋಗಕ್ಕೆ ಇಳಿಯುವುದು ಒಂದು. ಬೇರ್ ಕ್ರೀಕ್ ರಸ್ತೆಯಲ್ಲಿ ಹೋಗಿ 17 ಸೇರುವುದು ಇನ್ನೊಂದು. ಕೆಳಗೆ ಫೆಲ್ಟನ್‌ಗೆ ಬಂದು ಸ್ಕಾಟ್ಸ್ ವ್ಯಾಲಿ ಮೇಲೆ 17 ಹಿಡಿಯುವುದು ಮೂರನೆಯದು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ. ಮಳೆಗಾಲದಲ್ಲಿ ಒಂದು ಕಡೆ ಮರ ಬಿದ್ದಿರುತ್ತದೆ, ಇನ್ನೊಂದು ಕಡೆ ಗುಡ್ಡ ಜರಿದಿರುತ್ತದೆ. ಆಗುಂಬೆ ಘಾಟಿ ಬಂದ್ ಆದಾಗ ಹೇಗೆ ಸುತ್ತು ಹಾಕುತ್ತೀರೋ ಹಾಗೇ. 2023ರ ಜನವರಿ ಮಳೆಯಲ್ಲಿ ಫೆಲ್ಟನ್ ಹತ್ತಿರ ಸ್ಯಾನ್ ಲೊರೆಂಜೊ ನದಿ ಉಕ್ಕಿ ಮನೆಗಳಿಗೆ ನುಗ್ಗಿತ್ತು. ಆಫೀಸಿಗೆ "ಇವತ್ತು ಬರಲು ಆಗಲ್ಲ" ಅಂತ ಫೋನ್ ಮಾಡಲೂ ನೆಟ್‌ವರ್ಕ್ ಇರಲಿಲ್ಲ.

ಕರೆಂಟು. ಹೋಗುತ್ತದೆ. ನನ್ನ ಮನೆಯಲ್ಲಿ ಅತಿ ಜಾಸ್ತಿ ಅಂದರೆ ಎಂಟು ದಿನ ಇರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಹೋಗುತ್ತದೆ. ಒಣಗಾಳಿ ಕಾಲದಲ್ಲಿ ತಂತಿಯಿಂದ ಬೆಂಕಿ ಹೊತ್ತಬಾರದು ಅಂತ ಕರೆಂಟ್ ಕಂಪನಿಯವರೇ ತೆಗೆಯುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಹಾಗೆ ದಿನಗಟ್ಟಲೆ ತೆಗೆದಿದ್ದರು. ನಿಮ್ಮ ಮನೆಗೆ ಬಾವಿ ನೀರಾದರೆ ಕರೆಂಟ್ ಇಲ್ಲದೆ ಪಂಪ್ ಓಡಲ್ಲ. ಅಂದರೆ ನೀರೂ ಇಲ್ಲ. ಮೊದಲು ಕೇಳಿ, ಬಾವಿಯೋ, ಜಿಲ್ಲಾ ನೀರಿನ ಪೈಪೋ? ಜನರೇಟರ್ ಬೇಕೇ ಬೇಕು. ಅಡುಗೆಗೆ ಪ್ರೊಪೇನ್ ಟ್ಯಾಂಕ್. ಸಂಡಾಸಿಗೆ ಸೆಪ್ಟಿಕ್ ಟ್ಯಾಂಕ್, ಅದನ್ನು ತೆರೆಸಿ ನೋಡದೆ ಸಹಿ ಹಾಕಲೇಬೇಡಿ. ಹಳೇ ಮನೆಗಳೆಲ್ಲ ಬೇಸಿಗೆ ರಜೆಗೆ ಅಂತ ಕಟ್ಟಿದ ಸಣ್ಣ ಮನೆಗಳು. ವರ್ಷಪೂರ್ತಿ ಸಂಸಾರ ಇರಲಿ ಅಂತ ಕಟ್ಟಿದವಲ್ಲ.

ಇಷ್ಟೆಲ್ಲ ಹೇಳಿದರೂ ನಾನು ಬಿಟ್ಟು ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಮರಗಳ ನಡುವೆ ಮಂಜು ಇಳಿಯುವುದನ್ನು ನೋಡುತ್ತಾ ಕಾಫಿ ಕುಡಿಯುತ್ತೇನೆ. 11 ವರ್ಷ ಆಯಿತು, ಇನ್ನೂ ಸಾಕು ಅನಿಸಿಲ್ಲ.

ಕೊಪ್ಪದ_ಕಾಫಿ

ಅಣ್ಣ, ಎಷ್ಟು ಚೆನ್ನಾಗಿ ಹೇಳಿದಿರಿ. ಕಾಲ ಉಲ್ಟಾ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಬಾವಿಯೋ ಪೈಪೋ ಅಂತ ಏಜೆಂಟರಿಗೆ ಈಗಲೇ ಕೇಳುತ್ತೇನೆ.

ಸ್ಯಾನ್‌ಹೋಸೆ_ಸಂಜೆ

ಎಲ್ಲರೂ ಬೆಟ್ಟದ ಊರು ಅನ್ನುತ್ತಿದ್ದೀರಿ. ಬೌಲ್ಡರ್ ಕ್ರೀಕ್ ಪೇಟೆ ಇರುವುದು ಸಮುದ್ರಮಟ್ಟದಿಂದ 500 ಅಡಿಯಷ್ಟೂ ಎತ್ತರದಲ್ಲಿಲ್ಲ. ಬೆಂಗಳೂರು 3,000 ಅಡಿ ಇದೆ. ಇದನ್ನು ಬೆಟ್ಟ ಅಂದರೆ ಹೇಗೆ?

ಮರಕುಟಿಗ

ಎತ್ತರ ನೋಡಿ ಹೇಳಬೇಡಿ. ಊರು ಕಣಿವೆಯ ತಳದಲ್ಲಿದೆ, ಸುತ್ತ ಬೆಟ್ಟ. ಆ ಕಣಿವೆಯಾಗಿರುವುದಕ್ಕೇ ರೆಡ್‌ವುಡ್ ಅಲ್ಲಿ ಬೆಳೆಯುವುದು. ಪೆಸಿಫಿಕ್ ಸಮುದ್ರದ ಮಂಜು ಕಣಿವೆಗೆ ನುಗ್ಗುತ್ತದೆ. ಮರದ ಎಲೆಗಳು ಆ ಮಂಜನ್ನು ಹಿಡಿದು ಹನಿಹನಿಯಾಗಿ ಕೆಳಗೆ ಬೀಳಿಸುತ್ತವೆ. ಕೆಲವು ಕಡೆ ಈ ಕಾಡಿಗೆ ವರ್ಷಕ್ಕೆ ಸಿಗುವ ನೀರಿನಲ್ಲಿ ಮೂರನೇ ಒಂದು ಭಾಗ ಹೀಗೆ ಮಂಜಿನಿಂದಲೇ ಬರುತ್ತದೆ. ಅದಕ್ಕೇ ಈ ಮರ ಆರೆಗಾನ್‌ನ ದಕ್ಷಿಣ ತುದಿಯಿಂದ ಬಿಗ್ ಸರ್ ತನಕ, ಕರಾವಳಿಯ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ.

ಮಳೆಯೂ ಹಾಗೇ. ಸ್ಯಾನ್‌ಹೋಸೆಗೆ ವರ್ಷಕ್ಕೆ 15 ಇಂಚು ಬಂದರೆ ಹೆಚ್ಚು. ಬೆಟ್ಟದ ಈಚೆ ಬೆನ್ ಲೋಮಂಡ್ ಕಡೆ 50 ಇಂಚಿನ ಹತ್ತಿರ ಬರುತ್ತದೆ. ನಡುವೆ ಇರುವುದು ಒಂದೇ ಬೆಟ್ಟದ ಸಾಲು.

ಹಿರಿಯೂರು_ಹುಣಸೆ

ನಮಸ್ಕಾರ. ಮೇಲೆ ಪ್ರಶ್ನೆ ಕೇಳಿದವರ ಯಜಮಾನ ನಾನೇ. ನನಗೆ ಒಂದೇ ವಿಷಯ ಬೇಕು. ಮರ ಮನೆ ಮೇಲೆ ಬೀಳುತ್ತದಾ, ಇಲ್ವಾ?

ಮರಕುಟಿಗ

ಬನ್ನಿ ಸರ್. ನೇರವಾಗಿ ಹೇಳುತ್ತೇನೆ. ಆರೋಗ್ಯವಾಗಿರುವ ರೆಡ್‌ವುಡ್ ಬುಡಸಮೇತ ಬೀಳುವುದು ಕಡಿಮೆ. ಬೇರು ಆಳಕ್ಕೆ ಹೋಗಲ್ಲ, 6ರಿಂದ 12 ಅಡಿ ಅಷ್ಟೇ. ಆದರೆ ಪಕ್ಕಕ್ಕೆ 100 ಅಡಿವರೆಗೂ ಹರಡಿ, ಅಕ್ಕಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಂಡಿರುತ್ತದೆ. ಒಂದನ್ನೊಂದು ಹಿಡಿದುಕೊಂಡು ನಿಂತಿರುತ್ತವೆ. ಅದಕ್ಕೇ ಗುಂಪಿನಲ್ಲಿರುವ ಮರಕ್ಕಿಂತ, ಸುತ್ತಲಿನವನ್ನೆಲ್ಲ ಕಡಿದು ಒಂಟಿಯಾಗಿ ಬಿಟ್ಟ ಮರಕ್ಕೆ ಭಯ ಜಾಸ್ತಿ. ಬೇರಿನ ಮೇಲೆ ರಸ್ತೆ ಮಾಡಿದ್ದರೆ, ಕಾರು ನಿಲ್ಲಿಸುತ್ತಿದ್ದರೆ ಅದನ್ನೂ ನೋಡಿ.

ಜಾಸ್ತಿ ಹೆದರಬೇಕಾದ್ದು ಕೊಂಬೆಗೆ. 150 ಅಡಿ ಮೇಲಿಂದ ಒಣಕೊಂಬೆ ಬಿದ್ದರೆ ಈಟಿಯ ಹಾಗೆ ಚಾವಣಿಯೊಳಗೆ ಇಳಿಯುತ್ತದೆ. ಇಲ್ಲಿ ಅದಕ್ಕೆ ವಿಡೋಮೇಕರ್ ಅನ್ನುತ್ತಾರೆ. ಅಂದರೆ ಹೆಂಗಸರನ್ನು ವಿಧವೆ ಮಾಡುವುದು ಅಂತ. ಗಾಳಿ ಎದ್ದ ದಿನ ಹೊರಗೆ ನಿಲ್ಲಬೇಡಿ. ಟ್ಯಾನ್‌ಓಕ್, ಡಗ್ಲಸ್ ಫರ್ ಮರಗಳು ರೆಡ್‌ವುಡ್‌ಗಿಂತ ಬೇಗ ಬೀಳುತ್ತವೆ. ಮನೆ ತಗೊಳ್ಳುವ ಮುಂಚೆ ಮರದ ತಜ್ಞರನ್ನು ಕರೆಸಿ, ಮನೆ ಸುತ್ತಲಿನ ಒಂದೊಂದು ಮರವನ್ನೂ ತೋರಿಸಿ.

ಹಿರಿಯೂರು_ಹುಣಸೆ

ಥ್ಯಾಂಕ್ಸ್ ಸರ್. ಇಷ್ಟು ದಿನ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇರಲಿಲ್ಲ.

ಲೆಕ್ಕದ_ಪುಸ್ತಕ

ಮರ, ಮಂಜು ಎಲ್ಲ ಆಯಿತು. ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ನಾವು ಫೆಲ್ಟನ್ ಮೇಲಿನ ಗುಡ್ಡದಲ್ಲಿದ್ದೇವೆ. ಆರು ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲ. ಒಂದು ದಿನ ನಮ್ಮ ಕಂಪನಿಯಿಂದ ಕಾಗದ ಬಂತು, "ನಿಮ್ಮ ಪಾಲಿಸಿ ಮುಂದುವರಿಸುವುದಿಲ್ಲ" ಅಂತ. ಬೇರೆ ಐದು ಕಂಪನಿ ಕೇಳಿದೆವು. ಪಿನ್‌ಕೋಡ್ ಹೇಳಿದ ಕೂಡಲೇ ಫೋನ್ ಇಟ್ಟರು. ಕೊನೆಗೆ ಕ್ಯಾಲಿಫೋರ್ನಿಯಾ ಫೇರ್ ಪ್ಲಾನ್‌ಗೆ ಹೋದೆವು. ಎಲ್ಲೂ ಸಿಗದವರಿಗೆ ಇರುವ ಕೊನೆಯ ಬಾಗಿಲು ಅದು. ಅದರಲ್ಲಿ ಮುಖ್ಯವಾಗಿ ಬೆಂಕಿ, ಹೊಗೆಯ ನಷ್ಟಕ್ಕೆ ಮಾತ್ರ ರಕ್ಷಣೆ. ಕಳ್ಳತನ, ಪೈಪ್ ಒಡೆದು ನೀರು ನುಗ್ಗುವುದು, ಇಂಥವಕ್ಕೆ ಬೇರೆ ಪಾಲಿಸಿ. ಎರಡೂ ಸೇರಿ ನಮಗೆ ಮೊದಲಿನ ಮೂರು ಪಟ್ಟು ಆಯಿತು. ಇನ್ಶೂರೆನ್ಸ್ ಇಲ್ಲದೆ ಬ್ಯಾಂಕ್ ಸಾಲ ಕೊಡಲ್ಲ. ಹಾಗಾಗಿ ಆಫರ್ ಕೊಡುವ ಮುಂಚೆಯೇ ಕೊಟೇಶನ್ ತಗೊಳ್ಳಿ. ಸನ್ನಿವೇಲ್‌ನ ಅರ್ಧ ಬೆಲೆ ಅಂದಿರಲ್ಲ, ಅದಕ್ಕೆ ಇದೆಲ್ಲ ಕೂಡಿಸಿ ನೋಡಿ.

ದೋಸೆ_ಕಲ್ಲು

ಭೂಕಂಪ, ಪ್ರವಾಹ ಎರಡಕ್ಕೂ ಮತ್ತೆ ಬೇರೆ ಪಾಲಿಸಿ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದ ಕೇಂದ್ರ ಇದೇ ಸಾಂಟಾ ಕ್ರೂಝ್ ಬೆಟ್ಟಗಳಲ್ಲೇ ಇತ್ತು, 6.9 ತೀವ್ರತೆ.

ಸುಟ್ಟಮರದ_ಚಿಗುರು

ನಾನು ಇಂಥ ಚರ್ಚೆಗಳಲ್ಲಿ ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನಿಸಿತು. ನಮ್ಮ ಮನೆ 2020ರಲ್ಲಿ ಹೋಯಿತು.

ಆಗಸ್ಟ್ 16ರ ಬೆಳಗಿನ ಜಾವ ಸಿಡಿಲು. ಇಲ್ಲಿ ಬೇಸಿಗೆಯಲ್ಲಿ ಸಿಡಿಲು ಬರುವುದೇ ಅಪರೂಪ. ಮಕ್ಕಳನ್ನು ಎಬ್ಬಿಸಿ ಡೆಕ್ ಮೇಲೆ ನಿಂತು ನೋಡಿದೆವು, ಎಷ್ಟು ಚೆಂದ ಅಂತ. ಮಳೆ ಮಾತ್ರ ಬರಲಿಲ್ಲ. ಆಮೇಲೆ ಎರಡು ದಿನ ದೂರದಲ್ಲೆಲ್ಲೋ ಹೊಗೆ. 18ರ ರಾತ್ರಿ ಗಾಳಿ ತಿರುಗಿತು, ಬೆಂಕಿಗಳೆಲ್ಲ ಕೂಡಿಕೊಂಡವು. ಹೊರಡಿ ಅಂದರು. ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಮಕ್ಕಳ ಔಷಧಿ, ದೇವರ ಮನೆಯ ಬೆಳ್ಳಿ ದೀಪ. ಇಷ್ಟು ತಗೊಂಡೆವು. ಎರಡು ದಿನದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡಿದ್ದೆವು. ಫ್ರಿಜ್‌ನಲ್ಲಿ ಇಡ್ಲಿ ಹಿಟ್ಟು ಇತ್ತು.

ಆ ಬೆಂಕಿ 86,509 ಎಕರೆ ಸುಟ್ಟಿತು. ಸುಮಾರು 1,490 ಕಟ್ಟಡಗಳು ಹೋದವು, ಒಬ್ಬರು ತೀರಿಕೊಂಡರು. ಪೂರ್ತಿ ಹತೋಟಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ನಮ್ಮನ್ನು ಒಳಗೆ ಬಿಟ್ಟಾಗ ಅಲ್ಲಿ ಉಳಿದಿದ್ದು ಹೊಗೆಗೂಡು ಮತ್ತು ಅಜ್ಜಿ ಕೊಟ್ಟಿದ್ದ ಸಣ್ಣ ಒರಳು. ಅದೂ ಶಾಖಕ್ಕೆ ಎರಡು ಹೋಳಾಗಿತ್ತು. ಎರಡೂ ಹೋಳು ಈಗಲೂ ನಮ್ಮ ಮನೆ ಬಾಗಿಲಲ್ಲಿವೆ.

ಮತ್ತೆ ಕಟ್ಟೋಣ ಅಂದೆವು. ಮಣ್ಣಿನ ವರದಿ, ಹೊಸ ಸೆಪ್ಟಿಕ್, ಅಗ್ನಿಶಾಮಕ ಗಾಡಿ ತಿರುಗುವಷ್ಟು ಅಗಲದ ರಸ್ತೆ. ಒಂದು ಮುಗಿದರೆ ಇನ್ನೊಂದು. ಇನ್ಶೂರೆನ್ಸ್ ದುಡ್ಡು ಕಟ್ಟುವ ಖರ್ಚಿನ ಅರ್ಧಕ್ಕೂ ಬರಲಿಲ್ಲ. ಎರಡು ವರ್ಷ ಓಡಾಡಿ ಜಾಗ ಮಾರಿದೆವು. ಈಗ ಸ್ಕಾಟ್ಸ್ ವ್ಯಾಲಿಯಲ್ಲಿದ್ದೇವೆ.

ಕೊಪ್ಪದ ಅಕ್ಕ, ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಅಲ್ಲಿ ಕಳೆದ ಏಳು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಆದರೆ ಮನೆ ನೋಡಲು ಹೋದಾಗ ಒಂದು ಕೆಲಸ ಮಾಡಿ. ರಾತ್ರಿ ಹೊತ್ತು ಕಾರಿನಲ್ಲಿ ಕೂತು, ಆ ಮನೆಯಿಂದ ಮುಖ್ಯ ರಸ್ತೆಗೆ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ಎದುರಿಗೆ ಒಂದು ಗಾಡಿ ಬಂದರೆ ಎಲ್ಲಿ ಸರಿಯುತ್ತೀರಿ ನೋಡಿ. ಆ ರಸ್ತೆಗೆ ಇನ್ನೊಂದು ತುದಿ ಇದೆಯಾ ಅಂತಲೂ ನೋಡಿ.

ಕೊಪ್ಪದ_ಕಾಫಿ

ಓದಿ ಏನು ಹೇಳಬೇಕೋ ತೋಚುತ್ತಿಲ್ಲ. ನೀವು ಬರೆದಿದ್ದಕ್ಕೆ ತುಂಬಾ ಋಣಿ. ಆ ಮನೆಯ ರಸ್ತೆಗೆ ಇನ್ನೊಂದು ತುದಿ ಇಲ್ಲ. ಮ್ಯಾಪ್ ತೆಗೆದು ಈಗಷ್ಟೇ ನೋಡಿದೆ.

ಬಯಲುಸೀಮೆ_ಬಿಸಿಲು

ನಾನು ಮೊದಲೇ ಹೇಳಿದ್ದು ಇದನ್ನೇ. ಕಾಡನ್ನು ಕಾಡಿಗೆ ಬಿಡಬೇಕು. ಜನ ಅಲ್ಲಿ ಹೋಗಿ ಮನೆ ಕಟ್ಟುವುದು, ಆಮೇಲೆ ಬೆಂಕಿ ಆರಿಸಲು ಸಾವಿರಾರು ಜನ ಜೀವ ಪಣಕ್ಕಿಡುವುದು. ಇದು ಸರಿಯಲ್ಲ.

ಚಾರಣಿಗ

ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಆ ಕಾಡು ಇವತ್ತು ಉಳಿದಿರುವುದಕ್ಕೂ ಜನವೇ ಕಾರಣ. ಬೌಲ್ಡರ್ ಕ್ರೀಕ್ ಹುಟ್ಟಿದ್ದೇ ಮರ ಕಡಿಯುವವರ ಊರಾಗಿ. ಫೆಲ್ಟನ್‌ನ ಫಾಲ್ ಕ್ರೀಕ್‌ಗೆ ಹೋದರೆ ಹಳೇ ಸುಣ್ಣದ ಗೂಡುಗಳು ಈಗಲೂ ಇವೆ. ಆ ಗೂಡುಗಳಿಗೆ ಸೌದೆಯಾಗಿ ಉರಿದದ್ದು ಇದೇ ರೆಡ್‌ವುಡ್. 1900ರಲ್ಲಿ ಕೆಲವರು ಸೇರಿ ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿ ಗಲಾಟೆ ಮಾಡಿದ್ದಕ್ಕೆ 1902ರಲ್ಲಿ ಬಿಗ್ ಬೇಸಿನ್ ಪಾರ್ಕ್ ಆಯಿತು. ಕ್ಯಾಲಿಫೋರ್ನಿಯಾದ ಅತಿ ಹಳೇ ಸ್ಟೇಟ್ ಪಾರ್ಕ್ ಅದು. ಕೊಡಲಿ ಬೀಳದ ಹಳೇ ಕಾಡು ಒಟ್ಟು ರೆಡ್‌ವುಡ್ ನಾಡಿನಲ್ಲಿ ಈಗ ಉಳಿದಿರುವುದು ಶೇ. 5ರಷ್ಟು ಮಾತ್ರ. ಊರಿನ ಸುತ್ತ ನೀವು ನೋಡುವ ಹೆಚ್ಚಿನವು ಕಡಿದ ಬುಡದಿಂದ ಮತ್ತೆ ಚಿಗುರಿದ ಮರಗಳು. ದೊಡ್ಡ ಮೋಟಿನ ಸುತ್ತ ವೃತ್ತವಾಗಿ ನಿಂತಿರುತ್ತವೆ, ನೋಡಿ. ಅಮ್ಮ ಹೋದ ಜಾಗದ ಸುತ್ತ ಮಕ್ಕಳು ನಿಂತ ಹಾಗೆ.

ತೋಟದ_ಮನೆ

ನಾನು ಬಿಳಿಗಿರಿರಂಗನ ಬೆಟ್ಟದ ಹತ್ತಿರ ಯಳಂದೂರಿನವನು, ಅಮೆರಿಕ ನೋಡಿಲ್ಲ. ಆದರೂ ಒಂದು ಮಾತು ಹೇಳಬಹುದಾ? ನಮ್ಮ ಸೋಲಿಗರು ಹಿಂದೆ ಬೇಸಿಗೆ ಶುರುವಾಗುವಾಗಲೇ ನೆಲದ ತರಗಿಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತಲೇ ಹೆಸರು. ಬೇಗ ಇಟ್ಟರೆ ಮೊಣಕಾಲೆತ್ತರಕ್ಕೆ ಉರಿದು ಆರಿಹೋಗುತ್ತದೆ, ದೊಡ್ಡ ಮರಕ್ಕೆ ಏನೂ ಆಗಲ್ಲ. 1974ರಲ್ಲಿ ವನ್ಯಧಾಮ ಆದ ಮೇಲೆ ಅದು ನಿಂತಿತು. ಈಗ ಎಲ್ಲಿ ನೋಡಿದರೂ ಲಂಟಾನ. ಬೆಂಕಿ ಬಿದ್ದರೆ ಲಂಟಾನ ಹಿಡಿದು ಮರದ ತಲೆಗೇ ಹತ್ತುತ್ತದೆ. ಹಿರಿಯ ಸೋಲಿಗರು ಇವತ್ತಿಗೂ ಇದನ್ನು ಹೇಳಿ ಸಂಕಟಪಡುತ್ತಾರೆ. ಅಲ್ಲಿನ ಮೂಲ ಜನ ಏನು ಮಾಡುತ್ತಿದ್ದರು?

ಮರಕುಟಿಗ

ಇಷ್ಟು ಒಳ್ಳೇ ಮಾತಿಗೆ ಅನುಮತಿ ಯಾಕೆ ಕೇಳುತ್ತೀರಿ! ಇಲ್ಲೂ ಅದೇ ಕಥೆ. ಈ ಕರಾವಳಿಯ ಓಲೋನಿ ಜನ ಬೇಕೆಂದೇ ಸಣ್ಣ ಬೆಂಕಿ ಇಡುತ್ತಿದ್ದರು. ಸ್ಪೇನಿನ ಮಿಷನ್‌ಗಳು ಬಂದ ಮೇಲೆ ಅದಕ್ಕೆ ತಡೆ ಬಿತ್ತು. ಆಮೇಲಿನ ಸರಕಾರಗಳೂ ನೂರು ವರ್ಷ ಎಲ್ಲ ಬೆಂಕಿಯನ್ನೂ ಆರಿಸುತ್ತಲೇ ಬಂದವು. ನೆಲದ ಮೇಲೆ ಕಸ ರಾಶಿ ಬಿತ್ತು. ಅವರ ವಂಶದವರಾದ ಅಮಾ ಮುತ್ಸುನ್ ಜನ ಈಗ ಆ ಹಳೇ ಪದ್ಧತಿಯನ್ನು ವಾಪಸ್ ತರಲು ಕೆಲಸ ಮಾಡುತ್ತಿದ್ದಾರೆ.

ರೆಡ್‌ವುಡ್ ಬೆಂಕಿಗೆ ಒಗ್ಗಿದ ಮರ. ತೊಗಟೆ ಒಂದು ಅಡಿ ದಪ್ಪ ಇರಬಹುದು. 2020ರಲ್ಲಿ ಬಿಗ್ ಬೇಸಿನ್‌ನ ಮರಗಳ ತಲೆಯ ಎಲೆಯೂ ಸುಟ್ಟುಹೋಗಿತ್ತು. ಎಲ್ಲ ಸತ್ತವು ಅಂದುಕೊಂಡೆವು. ಕೆಲವೇ ತಿಂಗಳಲ್ಲಿ ಕಪ್ಪು ಕಾಂಡದ ಮೈತುಂಬ ಹಸಿರು ಚಿಗುರು! ದಶಕಗಳ ಹಿಂದೆ ಕೂಡಿಟ್ಟ ಆಹಾರವನ್ನು ಬಳಸಿ, ತೊಗಟೆ ಕೆಳಗೆ ಮಲಗಿದ್ದ ಹಳೇ ಮೊಗ್ಗುಗಳನ್ನು ಎಬ್ಬಿಸಿದ್ದವು. ಡಗ್ಲಸ್ ಫರ್‌ಗಳಿಗೆ ಆ ಶಕ್ತಿ ಇಲ್ಲ, ಹೆಚ್ಚಿನವು ಸತ್ತವು. 2022ರ ಜುಲೈನಲ್ಲಿ ಪಾರ್ಕ್ ಮತ್ತೆ ತೆಗೆದಾಗ ಮೊದಲ ವಾರವೇ ಹೋಗಿದ್ದೆ. ಕಪ್ಪು ಕಂಬಗಳಿಗೆ ಹಸಿರು ರೋಮ ಬಂದ ಹಾಗಿತ್ತು. ಎರಡು ಗಂಟೆ ಸುಮ್ಮನೆ ಕೂತಿದ್ದೆ.

ಸುಟ್ಟಮರದ_ಚಿಗುರು

ನನ್ನ ಹೆಸರು ಅದರಿಂದಲೇ ಬಂದದ್ದು.

ಅಡುಗೆಮನೆ_ಕಿಟಕಿ

ಅಪ್ಪ ಅಮ್ಮಂದಿರ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾವು ಬ್ರೂಕ್‌ಡೇಲ್‌ನಲ್ಲಿ ನಾಲ್ಕು ವರ್ಷ ಇದ್ದೆವು. ನಮ್ಮತ್ತೆ ಬಂದ ಮೊದಲ ವಾರ ಕೇಳಿದ್ದು, "ಇಲ್ಲಿ ಬಿಸಿಲು ಎಷ್ಟೊತ್ತಿಗೆ ಬರುತ್ತೆ?" ಬರಲ್ಲ ಅತ್ತೆ ಅಂದೆ. ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಬೀಳುತ್ತಿದ್ದುದು ಮಧ್ಯಾಹ್ನ ಒಂದು ಗಂಟೆ ಬಿಸಿಲು, ಅದೂ ಗೇಟಿನ ಹತ್ತಿರ. ಹಪ್ಪಳ ಸಂಡಿಗೆ ಒಣಗಿಸುವ ಆಸೆ ಬಿಡಿ. ಸೀರೆ ಒಣಗಲ್ಲ. ಕರಿಬೇವು ಎರಡು ಸಲ ಹಾಕಿದೆ, ಎರಡೂ ಹೋಯಿತು. ಚರ್ಮದ ಚಪ್ಪಲಿಗೆ, ಮರದ ಪೆಟ್ಟಿಗೆಗೆ ಬೂಷ್ಟು. ಚಾವಣಿ ಮೇಲೆ ಪಾಚಿ. ಸೋಲಾರ್ ಹಾಕಿಸಬೇಕು ಅಂದುಕೊಂಡಿದ್ದರೆ ಮರೆತುಬಿಡಿ.

ಮಾವನವರಿಗೆ ಮಾತ್ರ ಬಹಳ ಹಿಡಿಸಿತು. ದಿನಾ ಲೈಬ್ರರಿ ತನಕ ನಡೆದು ಹೋಗಿ ಬರುತ್ತಿದ್ದರು. ಅಂಗಡಿಯವರು, ಅಂಚೆಯವರು, ಸೌದೆ ಮಾರುವವನು, ಎಲ್ಲರ ಪರಿಚಯ. ಸನ್ನಿವೇಲ್‌ನಲ್ಲಿ ಆರು ತಿಂಗಳಿದ್ದರೂ ಪಕ್ಕದ ಮನೆಯವರ ಮುಖ ನೋಡಿರಲಿಲ್ಲ. ಇಲ್ಲಿ ಕರೆಂಟ್ ಹೋದ ಮೂರನೇ ದಿನ ಪಕ್ಕದ ಮನೆಯವರು ಬಿಸಿ ಸೂಪ್ ತಂದುಕೊಟ್ಟರು. ನಾವು ಉಪ್ಪಿಟ್ಟು ಕೊಟ್ಟೆವು. ಆಮೇಲೆ ಪ್ರತಿ ಸಲ ಕರೆಂಟ್ ಹೋದಾಗ ಉಪ್ಪಿಟ್ಟು ಕೇಳಿಕೊಂಡೇ ಬರುತ್ತಿದ್ದರು.

ಡಾಕ್ಟರ್ ವಿಷಯ ಯೋಚಿಸಿ. ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಸಾಂಟಾ ಕ್ರೂಝ್‌ನಲ್ಲಿದೆ. ಬೌಲ್ಡರ್ ಕ್ರೀಕ್‌ನಿಂದ ಅರ್ಧ ಗಂಟೆಗಿಂತ ಜಾಸ್ತಿ, ದಾರಿ ತೆರೆದಿದ್ದರೆ. ನಾವು ವಾಪಸ್ ಬಂದದ್ದು ಅದಕ್ಕೇ.

ದೋಸೆ_ಕಲ್ಲು

ಸಾಮಾನಿಗೆ ಏನು ಮಾಡುತ್ತಿದ್ದಿರಿ? ತೊಗರಿಬೇಳೆ, ಅವಲಕ್ಕಿ, ತೆಂಗಿನಕಾಯಿ?

ಅಡುಗೆಮನೆ_ಕಿಟಕಿ

ತಿಂಗಳಿಗೆ ಎರಡು ಸಲ ಸನ್ನಿವೇಲ್. ಮಳೆಗಾಲಕ್ಕೆ ಮುಂಚೆ ಮೂರು ತಿಂಗಳ ಸಾಮಾನು ತುಂಬಿಡುತ್ತಿದ್ದೆ. ನಮ್ಮಮ್ಮ ಮಳೆಗಾಲಕ್ಕೆ ಅಟ್ಟ ತುಂಬಿಸುತ್ತಿದ್ದ ಹಾಗೆ. ಆ ಒಂದು ವಿಷಯದಲ್ಲಿ ಮಲೆನಾಡು ಕೆಲಸಕ್ಕೆ ಬಂತು.

ಚಾರಣಿಗ

ಹಬ್ಬಕ್ಕೆ, ನಾಟಕಕ್ಕೆ ಕನ್ನಡ ಕೂಟದವರು ಸೇರುವುದೆಲ್ಲ ಬೆಟ್ಟದ ಆಚೆ. ಆದರೆ ವಾಟ್ಸನ್‌ವಿಲ್ ಹತ್ತಿರ ಮೌಂಟ್ ಮಡೋನಾದಲ್ಲಿ ರೆಡ್‌ವುಡ್ ಮರಗಳ ನಡುವೆಯೇ ಒಂದು ಹನುಮಂತನ ಗುಡಿ ಇದೆ, ಗೊತ್ತಾ? ಬಾಬಾ ಹರಿದಾಸ್ ಎಂಬ ಮೌನ ಯೋಗಿಯ ಶಿಷ್ಯರು ಕಟ್ಟಿದ ಆಶ್ರಮ. ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ. ನಮ್ಮಮ್ಮ ಅಲ್ಲಿ ಕೂತು ಚಾಲೀಸಾ ಹೇಳಿಕೊಂಡು "ಇದು ಕಿಷ್ಕಿಂಧೆಯೇ" ಅಂದರು.

ತೋಟದ_ಮನೆ

ಅಲ್ಲಿ ಜಿಗಣೆ ಇದೆಯಾ?

ಒಂಬತ್ತನೇ_ಹೆದ್ದಾರಿ

ಇಂಬಳ ಇಲ್ಲ, ನೆಮ್ಮದಿ. ಆದರೆ ಉಣುಗು ಇದೆ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು ಅಲ್ವಾ? ಇಲ್ಲಿನ ಉಣುಗು ಹರಡುವುದು ಲೈಮ್ ಕಾಯಿಲೆ. ಮಕ್ಕಳು ಆಡಿ ಬಂದ ಮೇಲೆ ಕಿವಿ ಹಿಂದೆ, ಕಂಕುಳಲ್ಲಿ ನೋಡಬೇಕು. ಪಾಯ್ಸನ್ ಓಕ್ ಅನ್ನುವ ಗಿಡ ಇನ್ನೊಂದು. ಮೂರು ಎಲೆ ಒಟ್ಟಿಗೆ ಇರುತ್ತವೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ. ಅದನ್ನು ಸುಟ್ಟರೆ ಹೊಗೆಯೂ ಕೆಟ್ಟದ್ದು. ಮಗಳಿಗೆ ಮೊದಲ ದಿನವೇ ಆ ಗಿಡ ತೋರಿಸಿ ಕಲಿಸಿ.

ಅಡುಗೆಮನೆ_ಕಿಟಕಿ

ಅಣಬೆಯೂ ಅಷ್ಟೇ. ಮಳೆ ಬಿದ್ದ ಕೂಡಲೇ ಎಲ್ಲ ಕಡೆ ಏಳುತ್ತವೆ. ಊರಲ್ಲಿ ಕಿತ್ತು ತಿಂದ ಅಭ್ಯಾಸ ಇರುವ ಹಿರಿಯರನ್ನು ತಡೆಯಿರಿ. ಡೆತ್ ಕ್ಯಾಪ್ ಅನ್ನುವ ಅಣಬೆ ಈ ಕಡೆ ಬೆಳೆಯುತ್ತದೆ. ನೋಡಲು ಸಾಧು, ತಿಂದರೆ ಯಕೃತ್ತು ಹೋಗುತ್ತದೆ.

ಸ್ಯಾನ್‌ಹೋಸೆ_ಸಂಜೆ

ಮಗಳಿಗೆ ಖುಷಿಯಾಗುವುದು ಬನಾನಾ ಸ್ಲಗ್. ಚಿಪ್ಪಿಲ್ಲದ ಬಸವನಹುಳು, ಬಾಳೆಹಣ್ಣಿನ ಹಾಗೆ ಹಳದಿ, ಅಂಗೈ ಉದ್ದ. ಸಾಂಟಾ ಕ್ರೂಝ್ ವಿಶ್ವವಿದ್ಯಾಲಯದ ಲಾಂಛನವೇ ಅದು.

ಮರಕುಟಿಗ

ಕಾಡಿನ ಪ್ರಾಣಿ ಅಂದಿದ್ದಕ್ಕೆ ಇನ್ನೊಂದು. ಮಾರ್ಬಲ್ಡ್ ಮರ್ರಲೆಟ್ ಅನ್ನುವುದು ಸಮುದ್ರದ ಹಕ್ಕಿ. ಅದು ಗೂಡು ಎಲ್ಲಿ ಮಾಡುತ್ತದೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದ ಕೆಲಸಗಾರರೊಬ್ಬರಿಗೆ ಎತ್ತರದ ಕೊಂಬೆಯ ಪಾಚಿ ಮೇಲೆ ಅದರ ಮರಿ ಸಿಕ್ಕಿತು. ಹಳೇ ಮರದ ದಪ್ಪ ಕೊಂಬೆಯೇ ಬೇಕು ಅದಕ್ಕೆ, ಒಂದೇ ಮೊಟ್ಟೆ. ನಾವು ಕಾಡಲ್ಲಿ ಚಿಪ್ಸ್ ಚೂರು ಬಿಟ್ಟರೆ ನೀಲಿ ಜೇ ಹಕ್ಕಿಗಳು ಸೇರುತ್ತವೆ, ಅವು ಆ ಮೊಟ್ಟೆ ತಿನ್ನುತ್ತವೆ. ಅಲ್ಲಿ ಇರುವುದಾದರೆ ಒಂದು ಚೂರೂ ಹೊರಗೆ ಬಿಡಬೇಡಿ. ಇದು ನನ್ನ ಕೈಮುಗಿದ ಬೇಡಿಕೆ.

ಲೆಕ್ಕದ_ಪುಸ್ತಕ

ಕೆಳಗೆ ತೊರೆ ಇದೆ ಅಂದಿರಿ. ಮೇಲೆ ಇಳಿಜಾರು ಎಷ್ಟಿದೆ? 1982ರ ಜನವರಿಯಲ್ಲಿ ಬೆನ್ ಲೋಮಂಡ್‌ನ ಲವ್ ಕ್ರೀಕ್‌ನಲ್ಲಿ ರಾತ್ರಿ ಗುಡ್ಡ ಜರಿದು ಹತ್ತು ಜನ ಸತ್ತರು. ನಮ್ಮ ಕೊಡಗಿನಲ್ಲಿ 2018ರಲ್ಲಿ ಆಯಿತಲ್ಲ, ಹಾಗೆ. ಭೂವಿಜ್ಞಾನಿಯ ವರದಿ ಇಲ್ಲದೆ ಇಳಿಜಾರಿನ ಮನೆ ಬೇಡ.

ಕೊಪ್ಪದ_ಕಾಫಿ

ಎಲ್ಲವನ್ನೂ ನಾವಿಬ್ಬರೂ ನಿನ್ನೆ ರಾತ್ರಿ ಕೂತು ಓದಿದೆವು. ಏಜೆಂಟರಿಂದ ಉತ್ತರ ಬಂತು, ಬಾವಿ ನೀರು. ರಸ್ತೆ ಖಾಸಗಿಯದ್ದು, ಎಂಟು ಮನೆಯವರು ಸೇರಿ ರಿಪೇರಿ ಮಾಡಿಸಬೇಕು. ಇನ್ಶೂರೆನ್ಸ್ ಎರಡು ಕಡೆ ಕೇಳಿದೆ, ಎರಡು ಕಡೆಯೂ ಇಲ್ಲ. ಆ ಮನೆ ಬಿಟ್ಟೆವು. ಬೇಜಾರಾಯಿತು, ಸುಳ್ಳು ಹೇಳಲ್ಲ.

ಆದರೆ ಆಸೆ ಬಿಟ್ಟಿಲ್ಲ. ಒಂಬತ್ತನೇ ಹೆದ್ದಾರಿ ಅಣ್ಣ ಹೇಳಿದ ಹಾಗೆ ನಾನು ನೋಡಿದ್ದು ಏಪ್ರಿಲ್ ಮಾತ್ರ. ಫೆಲ್ಟನ್ ಪೇಟೆ ಒಳಗೇ, ನಡೆದು ಹೋಗುವ ದೂರದಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೇವೆ. ನೀರು ಜಿಲ್ಲಾ ಪೈಪಿನದ್ದು, ನದಿಯಿಂದ ಎತ್ತರದಲ್ಲಿದೆ, ಸ್ಕಾಟ್ಸ್ ವ್ಯಾಲಿ ಕಡೆಗೆ ಬೇಗ ಹೊರಡಬಹುದು. ಸೆಪ್ಟೆಂಬರ್‌ನಿಂದ ಒಂದು ವರ್ಷಕ್ಕೆ ತಗೊಳ್ಳೋಣ ಅಂತಿದ್ದೇವೆ. ಒಣಗಾಳಿ, ಮಳೆ ಎರಡನ್ನೂ ನೋಡಿ ಆಮೇಲೆ ತೀರ್ಮಾನ.

ಹಿರಿಯೂರು_ಹುಣಸೆ

ಮಲಗುವ ಕೋಣೆ ಮೇಲೆ ಯಾವ ಮರದ ಕೊಂಬೆಯೂ ಚಾಚಿಲ್ಲ. ನಾನೇ ಹೋಗಿ ನೋಡಿಬಂದೆ.

ಬಯಲುಸೀಮೆ_ಬಿಸಿಲು

ಇದು ಒಪ್ಪುವ ಮಾತು. ಬಾಡಿಗೆಗೆ ನನ್ನ ವಿರೋಧ ಇಲ್ಲ. ಒಂದು ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಔಷಧಿ ಸದಾ ತುಂಬಿಟ್ಟಿರಿ.

ಸುಟ್ಟಮರದ_ಚಿಗುರು

ಒರಳನ್ನೂ ಕಾರಿಗೆ ಹಾಕಿಕೊಳ್ಳಿ ಅಕ್ಕ, ಇದ್ದರೆ.

ಕೊಪ್ಪದ_ಕಾಫಿ

ಖಂಡಿತ. ಕೊನೆಯದಾಗಿ ಒಂದು. ಆ ಮನೆಯಲ್ಲಿ ಸೌದೆ ಒಲೆ ಇದೆ. ಸೌದೆ ಯಾವಾಗ ತಗೊಳ್ಳಬೇಕು? ಅಕ್ಟೋಬರ್‌ಗೆ ಸಾಕಾ?

ಒಂಬತ್ತನೇ_ಹೆದ್ದಾರಿ

ಅಕ್ಟೋಬರ್‌ಗೆ ತಡ ಆಯಿತು, ಆಗ ಹಸಿ ಸೌದೆ ಕೊಟ್ಟು ಕಳಿಸುತ್ತಾರೆ. ಮನೆ ಮಾಲೀಕರನ್ನು ಕೇಳಿ ಜೂನ್‌ನಲ್ಲೇ ಹಾಕಿಸಿಬಿಡಿ, ಬೇಸಿಗೆಯಲ್ಲಿ ಒಣಗುತ್ತದೆ. ಮ್ಯಾಡ್ರೋನ್ ಅಥವಾ ಓಕ್ ಕೇಳಿ. ರೆಡ್‌ವುಡ್ ಬೇಗ ಉರಿದುಹೋಗುತ್ತದೆ, ಹೊತ್ತಿಸಲು ಎರಡು ಚಕ್ಕೆ ಇದ್ದರೆ ಸಾಕು. ರಾಶಿಯನ್ನು ಗೋಡೆಗೆ ಒರಗಿಸಬೇಡಿ, ಮನೆಯಿಂದ 30 ಅಡಿ ದೂರ ಇಡಿ. ಬಂದು ಇಳಿದ ಮೇಲೆ ಒಂದು ಮೆಸೇಜ್ ಹಾಕಿ. ನಮ್ಮ ಮನೆ ಅಲ್ಲಿಂದ ಹತ್ತೇ ನಿಮಿಷ, ಚಾವಣಿ ಮೇಲಿನ ದರಗು ಗುಡಿಸಲು ನಾನೂ ಬರುತ್ತೇನೆ.